ಮೂವತ್ತಾರು ಇಟ್ಟಿಗೆಯ ಸಾಲಾವಳಿ

ನನ್ನ ಹೆಸರು ಮಹಾಲಿಂಗಯ್ಯ, ವಯಸ್ಸು 61 ವರ್ಷ, ಕಂಪ್ಯೂಟರ್ ಜಾತಕ ನೋಡುವ ಕೆಲಸ, ವಾಸ ಮತ್ತು ಅಂಗಡಿ ಬಸ್ ನಿಲ್ದಾಣದ ಹಿಂಭಾಗ, ಕೊರಟಗೆರೆ ಪಟ್ಟಣ. ಕಾಣೆಯಾಗಿರುವ ಭುವನಾಳ ವಿಚಾರವಾಗಿ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಕಂಪ್ಯೂಟರನ್ನು 1989ರಲ್ಲಿ ಕೊಂಡಿದ್ದು, ಅದು ಟಿ.ವಿ.ಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿ ನಡೆಸುವಂಥದು. ಮೊಬೈಲಿನ ಜಾತಕ ಸುಳ್ಳಾದರೂ ಹಳೇ ಯಂತ್ರದ್ದು ಸುಳ್ಳಾಗದೆಂದು ಜನ ನಂಬಿರುತ್ತಾರೆ. ಎರಡು ವರ್ಷದ ಹಿಂದೆ ಜಾತಕದ ಕ್ಯಾಸೆಟ್ ಸುತ್ತಿಕೊಂಡು ತುಂಡಾಯಿತು. ಚೆಂಡು ಹೊಡೆದು ಇಟ್ಟಿಗೆ ಒಡೆಯುವ ಆಟದ ಕ್ಯಾಸೆಟ್ ಮಾತ್ರ ಉಳಿಯಿತು. ಅದರಲ್ಲಿ ಇಟ್ಟಿಗೆ ಮೂವತ್ತಾರು, ಗಂಡು ಹೆಣ್ಣಿನ ಜಾತಕ ಕೂಡಿಸುವ ಸಾಲಾವಳಿಯ ಗುಣವೂ ಮೂವತ್ತಾರು. ಬಾಯಿಗೆ ಬಂದದ್ದು ಹೇಳಿದರೆ ಮೋಸ, ಆಟದಲ್ಲಿ ಬಂದದ್ದು ಹೇಳಿದರೆ ದೈವಚಿತ್ತ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಟಿ.ವಿ.ಯನ್ನು ನನ್ನ ಕಡೆ ತಿರುಗಿಸಿಕೊಂಡು ಆಡುತ್ತಿದ್ದೆ. ಮೂರು ಚೆಂಡು ಮುಗಿಯುವಷ್ಟರಲ್ಲಿ ಎಷ್ಟು ಇಟ್ಟಿಗೆ ಒಡೆದರೆ ಅಷ್ಟು ಗುಣ. ಹದಿನೆಂಟು ಬಂದರೆ ಮದುವೆ ಆಗಬಹುದು. ನನ್ನ ಕೈ ಪಳಗಿದ್ದರಿಂದ ಅದಕ್ಕಿಂತ ಕಡಿಮೆ ಎಂದೂ ಬಂದಿರಲಿಲ್ಲ. ಚೆಂಡು ಟಿಕ್ ಎಂದಾಗಲೆಲ್ಲ ಎದುರು ಕೂತವರು ಕೈ ಮುಗಿಯುತ್ತಿದ್ದರು.

ದಿನಾಂಕ 14-06-2024ರ ಶುಕ್ರವಾರ ಮಧ್ಯಾಹ್ನ ಸುಮಾರು 1-15ಕ್ಕೆ ಮಧುಗಿರಿಯ ಚನ್ನಮಲ್ಲಮ್ಮನವರು ಮಗಳು ಭುವನಾಳೊಂದಿಗೆ ಗೊರವನಹಳ್ಳಿ ದೇವಸ್ಥಾನದಿಂದ ನನ್ನ ಅಂಗಡಿಗೆ ಬಂದರು. ಭುವನಾ ಮತ್ತು ಗೌಡಗೆರೆಯ ಪರಮೇಶ್ ಪರಸ್ಪರ ಮೆಚ್ಚಿರುವುದಾಗಿಯೂ, ಸಾಲಾವಳಿ ಕೂಡಿದರೆ ಮುಂದಿನ ವಾರವೇ ನಿಶ್ಚಿತಾರ್ಥವೆಂದೂ ತಿಳಿಸಿದರು. ನಾನು ಆಡಿ, ಒಂಬತ್ತು ಗುಣ ಎಂದೆ. ಚನ್ನಮಲ್ಲಮ್ಮನವರು 'ಇದು ಆಗಾಕಿಲ್ಲ, ನಡಿಯೇ' ಎಂದು ಎದ್ದರು. ಭುವನಾ ತಂದಿದ್ದ ಪ್ರಸಾದವನ್ನು ನನಗೂ ಕೊಟ್ಟು ಹೋದಳು.

ಮರುದಿನ ಬೆಳಿಗ್ಗೆ 10-30ಕ್ಕೆ ಅವಳೊಬ್ಬಳೇ ಬಂದು, ಹುಟ್ಟಿದ ಹೊತ್ತನ್ನು ಅಮ್ಮ ತಪ್ಪು ಹೇಳಿರಬಹುದು, 'ಇನ್ನೊಂದ್ಸಲ ನೋಡ್ಬುಡಿ ಸ್ವಾಮಿ' ಎಂದು ಕೇಳಿದಳು. ಮಾತು ಬದಲಿಸಿದರೆ ಹೆಸರು ಕೆಡುತ್ತದೆಂದು ನಾನು 'ಯಂತ್ರ ಎರಡು ಸಲ ನೋಡಲ್ಲ ಕಣಮ್ಮ' ಎಂದೆ. 'ಅಂಗಾರೆ ಆಯ್ತು ಬುಡಿ' ಎಂದಳು. ಹಸಿರು ಚೂಡಿದಾರ ಧರಿಸಿದ್ದಳು. ಮಧುಗಿರಿ ಬಸ್ ನಿಂತಿದ್ದರೂ ಹತ್ತದೆ ಎದುರು ದಿಕ್ಕಿಗೆ ನಡೆದಳು. ಎಲ್ಲಿಗಮ್ಮಾ ಎಂದು ನಾನು ಕೇಳಲಿಲ್ಲ.

ಇಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳ ಫೋಟೋ ಹಂಚುತ್ತಿದ್ದ ಪರಮೇಶ್ ನಾನಾರೆಂದು ತಿಳಿಯದೆ ನನ್ನ ಕೈಗೂ ಒಂದು ಕೊಟ್ಟು, 'ನನ್ನೆಸ್ರು ಪರಮೇಶ್, ಕಂಡ್ರೆ ಫೋನ್ ಮಾಡಿ ಯಜಮಾನ್ರೆ' ಎಂದನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಅವನ ಮುಖ ನೋಡಲಾಗಲಿಲ್ಲ. ಅಲ್ಲಿಂದ ನೇರ ಠಾಣೆಗೆ ಬಂದಿರುತ್ತೇನೆ. ಹುಡುಗಿ ಸಿಕ್ಕಿದರೆ, ಸಾಲಾವಳಿಯನ್ನು ಯಾರೂ ನೋಡಿಯೇ ಇಲ್ಲವೆಂದು ಮೊದಲು ಅವಳಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಈ ಹೇಳಿಕೆಯನ್ನು ಓದಿ ಹೇಳಿದಾಗ, ಬಿಟ್ಟುಹೋದ ಒಂದು ಸಂಗತಿಯನ್ನು ಸೇರಿಸಿ ಬರೆಸಿರುತ್ತೇನೆ. ಶುಕ್ರವಾರ ಆ ಒಂಬತ್ತು ಬಂದದ್ದು ಮೊದಲನೇ ಚೆಂಡಿಗೆ. ಇನ್ನೂ ಎರಡು ಚೆಂಡು ಇದ್ದವು. ಮುದ್ದೆ ಆರುತ್ತದೆ ಬನ್ನಿ ಎಂದು ಸೊಸೆ ಕರೆದಿದ್ದರಿಂದ ನಾನು ಆಡದೆ ಟಿ.ವಿ. ಆರಿಸಿದೆ.

ಮೇಲೆ ಬರೆಸಿದ್ದೆಲ್ಲ ನನ್ನದೇ ಮಾತು, ನಿಜವಾದದ್ದು ಎಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಕೊರಟಗೆರೆ
ದಿನಾಂಕ: 17-06-2024
(ಸಹಿ) ಮಹಾಲಿಂಗಯ್ಯ