ಅರ್ಧ ಸ್ಟ್ರಿಪ್ ಮಾತ್ರೆ

"ಅಮ್ಮನ ಹಾರ್ಟಿನ ಮಾತ್ರೇಲೂ ಅರ್ಧ ಸ್ಟ್ರಿಪ್ ಸಾಕು ಅಂತೀಯಲ್ಲೋ ಜುಗ್ಗ, ನಾಚಿಕೆ ಆಗಲ್ವಾ?"

ಆಸ್ಪತ್ರೆಯ ಔಷಧಿ ಅಂಗಡಿಯ ಸಾಲಿನಲ್ಲಿ, ನನ್ನ ಮುಂದಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣ ಎಲ್ಲರಿಗೂ ಕೇಳುವಂತೆ ತಮ್ಮನನ್ನು ಬೈದ. ತಮ್ಮನ ಅಂಗಿಯ ತುಂಬ ಕಿಡಿ ಸುಟ್ಟ ತೂತುಗಳಿದ್ದವು.

"ಮಾರೋಕೆ ಇನ್ನೇನೂ ಉಳಿದಿಲ್ಲ ಅಣ್ಣ, ವೆಲ್ಡಿಂಗ್ ಮೆಷಿನ್ನೂ ಹೋಯ್ತು. ನಿನ್ನ ಕಂಪನಿ ವಿಮೇಲಿ ಅಮ್ಮನ ಹೆಸರೇ ಇಲ್ಲವಂತಲ್ಲ?"

"ಹೋದ ವರ್ಷ ತೆಗೆಸಿದೆ. ಹಿರಿಯರಲ್ಲಿ ಒಬ್ಬರಿಗೇ ಜಾಗ ಇದ್ದಿದ್ದು."

"ಯಾರನ್ನ ಸೇರಿಸಿದೆ?"

"ನಿಮ್ಮ ಅತ್ತಿಗೆಯ ಅಪ್ಪಂಗೆ ಮಂಡಿ ಆಪರೇಷನ್ ಇತ್ತು ಕಣೋ. ಆಗ ಅಮ್ಮ ಗಟ್ಟಿಮುಟ್ಟಾಗೇ ಇದ್ಲಲ್ಲ."

ಅಂಗಡಿಯವನು ಕತ್ತರಿ ತೆಗೆದು ಸ್ಟ್ರಿಪ್ಪನ್ನು ಕತ್ತರಿಸಿದ. ಬೈಗುಳ ಕೇಳಿ ನಕ್ಕಿದ್ದ ಸಾಲಿನವರೆಲ್ಲ ಈಗ ನೆಲ ನೋಡುತ್ತಿದ್ದರು.

"ಅಮ್ಮಂಗೆ ಹೇಳ್ಬೇಡ," ಅಣ್ಣ ದನಿ ತಗ್ಗಿಸಿದ. "ದೊಡ್ಡ ಮಗನ ವಿಮೆ ಇದೆ ಅಂತ ಇನ್ನೂ ಧೈರ್ಯದಲ್ಲಿದ್ದಾಳೆ. ಹೇಳಲ್ಲ ತಾನೆ?"

ತಮ್ಮ ಅರ್ಧ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು ವಾರ್ಡಿನ ಕಡೆ ನಡೆದ.