ಬಂಡೆ ವಾಲಿದ ಕಡೆ

ಈ ಸಂಜೆಯ ಅಧ್ಯಕ್ಷೆ ಶ್ರೀಮತಿ ನೈರೀ ಪೊಹಾಟು ಅವರೇ, ನಾಳೆ ತಂಡ ಕಟ್ಟಿಕೊಂಡು ಟಾರ್ಬೆಟ್ ದ್ವೀಪಕ್ಕೆ ಹೊರಡಲಿರುವ ಭೂವಿಜ್ಞಾನಿ ಆಯ್ಲ್ಸಾ ಮೆಕ್ರೆ ಅವರೇ, ಗಾಳಿ ಬಾಗಿಲು ಗುದ್ದುತ್ತಿದ್ದರೂ ಹುರಿದ ಸಿಂಪಿಯ ತಟ್ಟೆ ಬಿಟ್ಟೇಳದ ಬ್ಲಫ್ ಬಂದರಿನ ಸಭಿಕರೇ!

ಎರಡೂ ಕೈ ಜೋಡಿಸಲಾರೆ, ಕ್ಷಮಿಸಿ. ನನ್ನ ಬಲಮುಷ್ಟಿ ಬಿಗಿದಿದೆ. ಕಾರಣ ಕಡೆಯಲ್ಲಿ ಹೇಳುತ್ತೇನೆ.

ಆಯ್ಲ್ಸಾಳ ತಂಡದಲ್ಲಿ ಈ ಸಲ ನನ್ನ ಮಗಳು ಮೊರಾಗ್ ಇದ್ದಾಳೆ. ನನಗಿರುವುದು ಅವಳೊಬ್ಬಳೇ. ಬೀಳ್ಕೊಡುವ ಮಾತಾಡಲು ನನ್ನನ್ನು ಕರೆದಿದ್ದೀರಿ. ಆಡುತ್ತೇನೆ. ಆದರೆ ಆ ದ್ವೀಪ ಎಂಥದ್ದೆಂದು ಬಲ್ಲಿರಾ?

ಟಾರ್ಬೆಟ್ ಎಂದರೆ ಅರ್ಧ ಜ್ವಾಲಾಮುಖಿ. ಉಳಿದರ್ಧ ಎಲ್ಲಿ? ಕಡಲು ತಿಂದಿತು! ಬೆಂಕಿಯ ಬಾಯಿ ಇದ್ದದ್ದು ಪಡುವಣದಲ್ಲಿ. ಅಲ್ಲಿಂದ ಉಕ್ಕಿದ ಕಲ್ಲು ಪದರ ಪದರವಾಗಿ ಮೂಡಣಕ್ಕೆ ಹರಿದು ಹೆಪ್ಪುಗಟ್ಟಿತು. ಆಮೇಲೆ ಪಡುವಣ ಗಾಳಿ ಅಲೆಗಳನ್ನು ಛೂ ಬಿಟ್ಟಿತು; ಬಾಯಿಗೆ ಬಾಯಿಯೇ ಮಾಯ! ಈಗ ಪಡುವಣದಲ್ಲಿ ಕಡಿದು ನಿಲ್ಲಿಸಿದಂಥ ಪ್ರಪಾತ, ಮೂಡಣಕ್ಕೆ ಮೆಲ್ಲನೆಯ ಇಳಿಜಾರು, ಅದರ ಬುಡದಲ್ಲಿ ದೋಣಿ ನಿಲ್ಲುವ ಕೊಲ್ಲಿ. ಮನೆಯಿಲ್ಲ, ಮರವಿಲ್ಲ. ಸೊಂಟದೆತ್ತರದ ಹುಲ್ಲು, ಕೆಳಗೆ ಕಾಲು ನುಂಗುವ ಕೆಸರು, ಮೇಲೆ ಮಂಜು.

ಆ ಮಂಜು ಒಮ್ಮೆ ನನ್ನನ್ನೂ ಆಯ್ಲ್ಸಾಳನ್ನೂ ದ್ವೀಪದ ನೆತ್ತಿಯ ಮೇಲೆ ಹಿಡಿಯಿತು. ಆಗ ನನಗೆ ತಲೆತುಂಬ ಕೂದಲಿತ್ತು, ಆಯ್ಲ್ಸಾಳಿಗೆ ನನ್ನ ಮೇಲೆ ತುಸು ಗೌರವವೂ ಇತ್ತು. ಗಾಳಿಗೆ ಕೈ ನಡುಗುತ್ತದೆಂದು ಆಕೆ ದಿಕ್ಸೂಚಿಯನ್ನು ಬಂಡೆಯ ಮೇಲಿಟ್ಟು ಮುಳ್ಳು ನೋಡಿದಳು. “ಮೂಡಣ ಈ ಕಡೆ, ಬಾರೋ” ಎಂದಳು. ನಡೆದೆವು. ಕೆಳಗಿನಿಂದ ಅಲೆಯ ಸದ್ದು. ಕೊಲ್ಲಿ ಬಂತೆಂದು ಹಿಗ್ಗಿದೆ. ಆಕೆ ಗಕ್ಕನೆ ನಿಂತಳು. ಮಂಡಿಯೂರಿ ಬಂಡೆಯ ಪದರದ ಮೇಲೆ ಅಂಗೈ ಆಡಿಸಿದಳು.

“ಮರ್ಡೋ, ಪದರ ನಮ್ಮ ಹಿಂದಕ್ಕೆ ಇಳೀತಿದೆ. ಮೂಡಣ ಹಿಂದಿದೆ.”

“ಇಳೀಲಿ ಬಿಡು! ಮುಳ್ಳು ಈ ಕಡೆ ತೋರಿಸ್ತಲ್ಲ?”

“ಬಂಡೇಲಿ ಕಬ್ಬಿಣ ಇದೆ ಕಣೋ, ಮುಳ್ಳನ್ನ ಅದೇ ಎಳೆದಿದೆ. ನಾನು ತಪ್ಪಿದೆ. ತಿರುಗು.”

“ಅಲ್ಲ, ಇಷ್ಟು ದೂರ ಬಂದು...”

“ತಿರುಗು ಅಂದೆ! ಭಾಷಣ ದೋಣೀಲಿ ಮಾಡುವಿಯಂತೆ!”

ಮಂಜು ಒಮ್ಮೆ ಹರಿಯಿತು. ಸಭಿಕರೇ, ನನ್ನ ಬೂಟಿನ ಮುಂದೆ ನೆಲವಿರಲಿಲ್ಲ! ಹಾರುವ ಹಕ್ಕಿಗಳ ಬೆನ್ನು ಕಂಡಿತು.

ಈಗ ಮುಷ್ಟಿಯ ವಿಷಯ. ಅಲ್ಲಿನ ಗಿಡಗಳು ಉಳಿಯಬೇಕಾದರೆ ಹೊರಗಿನ ಒಂದು ಬೀಜವೂ ಆ ನೆಲ ಮುಟ್ಟಬಾರದು. ಹಡಗು ಹತ್ತುವ ಮೊದಲು ಬೂಟು, ಜೇಬು, ಕಾಲುಚೀಲ ಎಲ್ಲದರ ತಪಾಸಣೆ. ಬೀಜ ಸಿಕ್ಕಿತೋ, ಆಸಾಮಿ ದಡದಲ್ಲೇ! ಇವತ್ತು ಮಗಳ ಕಾಲುಚೀಲ ಪರೀಕ್ಷಿಸುತ್ತಿದ್ದಾಗ ಮಡಿಕೆಯಲ್ಲಿ ಒಂದು ಹುಲ್ಲುಬೀಜ ಸಿಕ್ಕಿತು.

“ಅಪ್ಪಾ, ಎಲ್ಲ ತೆಗೆದ್ಯಾ?”

“ತೆಗೆದೆ ಕಣಮ್ಮ.”

ತೆಗೆದದ್ದು ನಿಜ. ಒಲೆಗೆ ಹಾಕಲಿಲ್ಲ, ಅಷ್ಟೆ. ಅವಳ ಚೀಲ ಅಗೋ, ಆ ಬಾಗಿಲ ಬಳಿ ಬಾಯಿ ತೆರೆದುಕೊಂಡು ಕೂತಿದೆ. ಹೊರಗೆ ಹೋಗುವಾಗ ಈ ಮುಷ್ಟಿ ಕೊಂಚ ಸಡಿಲಿಸಿದರೆ ಸಾಕು, ನಾಳೆ ನನ್ನ ಮಗಳು ನನ್ನ ಮನೆಯಲ್ಲಿರುತ್ತಾಳೆ! ಇಲ್ಲಿ ನಿಂತು ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಆ ಚೀಲದ ಮೇಲೇ ಇತ್ತು.

ಆಯ್ಲ್ಸಾ, ಪ್ರಪಾತದ ಅಂಚಿನಲ್ಲಿ “ನಾನು ತಪ್ಪಿದೆ” ಎನ್ನಲು ನೀನು ಒಂದು ಉಸಿರೂ ತಡಮಾಡಲಿಲ್ಲ. ಮಾಡಿದ್ದರೆ ನಾನಿಲ್ಲಿ ಇರುತ್ತಿರಲಿಲ್ಲ, ಮೊರಾಗ್ ಹುಟ್ಟುತ್ತಲೂ ಇರಲಿಲ್ಲ. ಕೈ ಚಾಚು. ತಗೋ ಈ ಬೀಜ, ನೀನೇ ಸುಟ್ಟುಹಾಕು.

ಮೊರಾಗ್, ನನ್ನನ್ನೇನು ನೋಡ್ತೀಯೆ? ಹೋಗಿ ಚೀಲದ ಬಾಯಿ ಕಟ್ಟು.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ವಂದನೆ. ಇದೋ, ಈಗ ಎರಡೂ ಕೈ ಜೋಡಿಸಿ, ನಮಸ್ಕಾರ.