ಪೂಜೆಗೆ ಮೊದಲಿನ ಮಾತ್ರೆ

ಹೊಸಪೇಟೆಯ ಆಸ್ಪತ್ರೆಯ ಬೆಂಚಿನಲ್ಲಿ ಬಸುರಿ ಸ್ಫೂರ್ತಿ ಥೈರಾಯ್ಡ್ ಮಾತ್ರೆ ನುಂಗಿ ನೀರು ಕುಡಿದಳು. ಅತ್ತೆ ಅಕ್ಕನಾಗಮ್ಮ ಸಿಡಿದಳು. ಹಿಂದಿನ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಅಪರಿಚಿತೆ ಚಂದ್ರಕಲಾ ತಿರುಗದೆ ಕೇಳುತ್ತಿದ್ದಳು.

“ಲಿಂಗಪೂಜಿ ಮಾಡದಂಗ ಬಾಯಿಗೆ ಹಾಕ್ಕೊಂಡ್ಯೇನು?”

“ಪೂಜಿ ಆದಮ್ಯಾಲೆ ನೀವು ಕೊಡೋ ಚಾದ ಜೋಡಿ ನುಂಗಿ ನುಂಗಿ ಐದು ತಿಂಗ್ಳಾತ್ರಿ, ಅತ್ತಿ. ಅದಕ್ಕ ಗುಳಿಗಿ ಮೈಗೇ ಹತ್ತಿಲ್ಲ, ಖಾಲಿ ಹೊಟ್ಟೀಲೆ ಬರೀ ನೀರಾಗ ನುಂಗು ಅಂದ್ರು ಡಾಕ್ಟ್ರು.”

“ದೇವ್ರಿಗಿಂತ ಗುಳಿಗಿ ದೊಡ್ಡದಾತೇನು?”

“ದೇವ್ರು ತಡ್ಕೊಂತಾನ್ರಿ. ಹೊಟ್ಟ್ಯಾಗಿನ ಕೂಸು ತಡ್ಕೊಳ್ಳಂಗಿಲ್ಲ, ಅದರ ಮಿದುಳು ಬೆಳೀಬೇಕು.”

“ನಾ ನಾಕು ಹಡದೀನಿ. ಯಾವ ಗುಳಿಗಿ ನುಂಗಿದ್ದೆ?”

“ನಿಮಗ ಈ ರೋಗ ಇರ್ಲಿಲ್ರಿ. ನನಗೈತಿ!”

ಒಳಗಿಂದ ಸ್ಫೂರ್ತಿಯ ಹೆಸರು ಕೂಗಿದರು. ಅಕ್ಕನಾಗಮ್ಮ ಫ್ಲಾಸ್ಕ್ ತೆರೆದಳು. ಚಂದ್ರಕಲಾಳ ಮೂಗಿಗೆ ಏಲಕ್ಕಿಯ ವಾಸನೆ ಬಡಿಯಿತು.

“ಆತು, ಸಿಟ್ಟು ಬಿಡು. ಎರಡು ಗುಟುಕು ಚಾ ಕುಡುದು ಹೋಗು.”

ಸ್ಫೂರ್ತಿ ಆಗಲೇ ಬಾಗಿಲಲ್ಲಿದ್ದಳು.

“ಈಗ ಗುಳಿಗಿ ನುಂಗೀನ್ರಿ, ಒಂದು ತಾಸು ಏನೂ ಒಲ್ಲೆ.”